ಸೊನ್ನೆಗೆ ಸೇರಿಸಿದ ಚೂರು

ಪಣಕ್ಕಿದ್ದದ್ದು ನಲವತ್ತು ಲಾರಿ ನಿಂಬೆ.

ದಿಲ್ಲಿಯ ಖರೀದಿದಾರನ ಶರತ್ತು ಒಂದೇ. ಮೊದಲ ಲಾರಿ ಬರಲಿ, ಇಳಿಸಿ ತೂಗುತ್ತೇವೆ. ನೂರು ಕಿಲೋದಲ್ಲಿ ಕೊಳೆತದ್ದು ಐದು ಕಿಲೋದೊಳಗಿದ್ದರೆ ಇಡೀ ಹಂಗಾಮಿನ ನಲವತ್ತೂ ಲಾರಿ ನಿಮ್ಮವೇ. ಐದು ದಾಟಿತೋ, ಆ ಒಂದು ಲಾರಿಗೇ ವ್ಯವಹಾರ ಮುಗಿಯಿತು.

ರೈತರ ನಿಂಬೆ ಮಾರಿಸಿಕೊಡುವ ಅಡತಿ ಅಂಗಡಿಯ ಸಾತಲಿಂಗಪ್ಪನ ಕೈಯಲ್ಲಿ ಒಂದೇ ದಾರಿಗೆ ಸಾಲುವಷ್ಟು ಬಂಡವಾಳವಿತ್ತು. ಒಂದೋ ದಾರಿಯುದ್ದಕ್ಕೂ ಮಾಲನ್ನು ತಂಪಾಗಿಡುವ ಥಂಡಿ ಲಾರಿ ಹಿಡಿಯಬೇಕು. ಇಲ್ಲವೋ ಹೆಚ್ಚು ಕೂಲಿ ಕೊಟ್ಟು, ಗಿಡದಿಂದ ಕತ್ತರಿಯಲ್ಲಿ ಬಿಡಿಸಿದ ಕಾಯನ್ನಷ್ಟೇ ತುಂಬಬೇಕು. ಎರಡನ್ನೂ ಮಾಡಲು ಹೊರಟರೆ ಗೆದ್ದ ಮೇಲೂ ಕೈಗೆ ಹತ್ತುವುದು ಏನೂ ಇರಲಿಲ್ಲ.

"ದಾನಿ, ನಿನ್ನ ಸಾಫ್ಟ್‌ವೇರು ಏನಂತೈತಿ ಕೇಳು," ಎಂದ ಅವನು ಅಣ್ಣನ ಮಗಳಿಗೆ. "ಎರಡು ವರ್ಷಾತು, ಕರೆಂಟ್ ಕುಡಿಸಿ ಸಾಕೀನಿ ಅದನ್ನ. ಈಗರ ದುಡೀಲಿ. ಈ ಸಲ ಹುಸಿ ಹೋತು ಅಂದ್ರ ಲ್ಯಾಪ್‌ಟಾಪ್ ಮುಚ್ಚಿ ಗಲ್ಲಾದ ಮ್ಯಾಲ ಕೂಡೂದು ನೋಡು."

"ಕೇಳ್ತೀನಿ ಕಾಕಾ," ಎಂದಳು ದಾನೇಶ್ವರಿ. ಗಲ್ಲಾದ ಮೇಲೆ ಕೂಡುವುದಕ್ಕೆ ಅವಳು ಹುಟ್ಟಿರಲಿಲ್ಲ. ಕನಿಷ್ಠ ಅವಳು ಹಾಗೆ ತಿಳಿದಿದ್ದಳು.

ಅವಳು ಬರೆಯುತ್ತಿದ್ದದ್ದು ತಳವೂ ತುದಿಯೂ ಇರುವ ಅಳತೆಗಳ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್. ಒಂದು ಕ್ರೇಟಿನಲ್ಲಿ ಕೊಳೆತದ್ದರ ಪಾಲು ಎಷ್ಟು? ಏನೂ ಇಲ್ಲ ಎಂಬುದು ತಳ. ಪೂರಾ ಎಂಬುದು ತುದಿ. ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು, ಆಚೆ ಹೋಗುವಂತಿಲ್ಲ. ಸೆಕೆಗೆ, ದೂರಕ್ಕೆ, ಕಾಯಿ ಬಿಡಿಸಿದ ಬಗೆಗೆ ಆ ಪಾಲು ಎಷ್ಟೆಷ್ಟು ಏರಿಳಿಯುತ್ತದೆ ಎಂದು ಹಿಂದಿನ ಹಂಗಾಮಿನ ತೂಕಗಳಿಂದ ತಿಳಿದು, ಮುಂದಿನದನ್ನು ಹೇಳಬೇಕು. ಕಾಲೇಜಿನವರು ಇದನ್ನು ರಿಗ್ರೆಶನ್ ಅನ್ನುತ್ತಾರೆ. ಸಾತಲಿಂಗಪ್ಪ "ದಾನೀ ಡಬ್ಬಿ" ಅನ್ನುತ್ತಿದ್ದ.

ಅವಳಿಗೆ ಕಲಿಸುತ್ತಿದ್ದವರು ಮಡಿವಾಳಯ್ಯ ಅಜ್ಜಾರು. ಕೃಷಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತರಾಗಿ, ಭೀಮೆಯ ದಂಡೆಯ ಸಣ್ಣ ಆಶ್ರಮದಲ್ಲಿ ಉಳಿದಿದ್ದರು. ಬಂದವರಿಗೆ ಪಾಠ. ಫೀ ಇಲ್ಲ. ಶಹಬ್ಬಾಸ್ ಕೂಡ ಇಲ್ಲ.

ಮೊದಲ ಸಲ ಅವಳು ತಂದ ಉತ್ತರವನ್ನು ನೋಡಿ ಅಜ್ಜಾರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದೇನವ್ವ?"

"ಥಂಡಿ ಲಾರಿ, ಕತ್ತರಿ ಕಾಯಿ, ಮಾಗಿ ಚಳಿ, ಮೂರೂ ಕೂಡಿದ್ರ ಎಷ್ಟು ಕೊಳೀತೈತಿ ಅಂತ್ರಿ, ಅಜ್ಜಾರ."

"ಎಷ್ಟು ಕೊಳೀತೈತಿ?"

ದಾನೇಶ್ವರಿ ಗಂಟಲು ಸರಿಮಾಡಿಕೊಂಡಳು. "ನೂರಕ್ಕ ಮೈನಸ್ ನಾಕು."

ಅಜ್ಜಾರು ಜಗುಲಿಯ ಮೇಲಿದ್ದ ನಿಂಬೆಯ ಬುಟ್ಟಿಯನ್ನು ಅವಳ ಮುಂದೆ ತಳ್ಳಿದರು.

"ಇದರಾಗ ಏನೂ ಕೊಳೀದಿದ್ದದ್ದಕ್ಕಿಂತ ನಾಕು ಕಡಿಮಿ ಕೊಳತದ್ದನ್ನ ಆರಿಸಿ ಕೊಡು. ಬಿಸಲಾಗ ಬಂದೀದಿ, ಶರಬತ್ತು ಮಾಡ್ತೀನಿ."

ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದವರು ನಕ್ಕರು. ದಾನೇಶ್ವರಿ ನಗಲಿಲ್ಲ, ಅಳಲೂ ಇಲ್ಲ.

"ಗೆರಿ ನೆಟ್ಟಗ ಎಳದಿದ್ದೆರಿ. ನೆಟ್ಟಗ ಹೋದದ್ದು ತಳಾ ಒಡಕೊಂಡು ಕೆಳಗ ಇಳದೈತಿ. ಬಗ್ಗಿಸಬೇಕು, ಅಷ್ಟು ತಿಳೀತು. ಹೆಂಗ ಬಗ್ಗಿಸಬೇಕು, ಅದನ್ನ ಹೇಳ್ರಿ."

ಅಜ್ಜಾರು ಒಂದು ನಿಂಬೆ ಹೆಚ್ಚಿ ಅರ್ಧ ಹೋಳನ್ನು ಅವಳ ಕೈಗಿಟ್ಟರು. ಒಂದು ಲೋಟ ಮುಂದಿಟ್ಟರು.

"ಹಿಂಡು."

ಹಿಂಡಿದಳು. ರಸ ಸುರಿಯಿತು.

"ಮತ್ತ ಹಿಂಡು. ಅಷ್ಟೇ ಜೋರಿಲೆ."

ಒಂದು ಚಮಚದಷ್ಟು ಬಂತು.

"ಮತ್ತ."

ಎರಡು ಹನಿ ಬಿತ್ತು.

"ಕೈ ಅದೇ ಅಲ್ಲೇನು?"

"ಅದೇ ರೀ."

"ಜೋರು?"

"ಅಷ್ಟೇ ಹಾಕೀನ್ರಿ."

"ಹಂಗಾರ ರಸ ಯಾಕ ಕಮ್ಮಿ ಆತು?"

"ಮುಗೀಲಿಕ್ಕೆ ಬಂದೈತಲ್ರಿ," ಎಂದಳು. ಸಿಪ್ಪೆಯನ್ನು ಕೆಳಗಿಡದೆ ಹಾಗೇ ನೋಡುತ್ತ ಕೂತಳು.

ಅಜ್ಜಾರು ಆ ಲೋಟಕ್ಕೆ ನೀರು, ಸಕ್ಕರೆ ಹಾಕಿ ಕಲಕಿ ತಾವೇ ಕುಡಿದರು.

ಮನೆಗೆ ಹೋಗಿ ಗೆರೆ ಬಗ್ಗಿಸಿದಳು. ಪಾಲು ನಡುವಿನಲ್ಲಿದ್ದಾಗ ಸೆಕೆ ಸ್ವಲ್ಪ ನೂಕಿದರೂ ಬಹಳ ಸರಿಯುತ್ತಿತ್ತು. ಅಂಚಿನ ಹತ್ತಿರ ಬಂದಾಗ ಅಷ್ಟೇ ನೂಕಿದರೆ ಕೂದಲೆಳೆಯಷ್ಟು. ಎಷ್ಟೇ ಸೆಕೆಯಾದರೂ ಪೂರಾ ಎಂಬುದನ್ನು ದಾಟುತ್ತಿರಲಿಲ್ಲ. ಎಷ್ಟೇ ತಂಪಾದರೂ ಏನೂ ಇಲ್ಲದ್ದಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಆಮೇಲೆ ಡಬ್ಬಿಯೇ ಹಟ ಹಿಡಿಯಿತು.

ಹಿಂದಿನ ಹಂಗಾಮಿನ ಕ್ರೇಟುಗಳ ತೂಕವನ್ನೆಲ್ಲ ಹಾಕಿ ಓಡಿಸಿದರೆ, ಮೊದಲ ಸಾಲಿಗೇ ನಿಂತುಬಿಟ್ಟಿತು. ಸೊನ್ನೆ ನನಗೆ ನಡೆಯುವುದಿಲ್ಲ ಎಂದಿತು. ಬಗ್ಗಿದ ಗೆರೆ ತಳದ ಹತ್ತಿರ ಹೋಗುತ್ತದೆಯೇ ಹೊರತು ತಳವನ್ನು ಎಂದೂ ಮುಟ್ಟುವುದಿಲ್ಲ; ಮುಟ್ಟಿದ ಕ್ರೇಟು ಬಂದರೆ ಅದಕ್ಕೆ ಜಾಗವೇ ಇಲ್ಲ. ಇತ್ತ ಅವಳ ಕ್ರೇಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದು ಕಾಯಿಯೂ ಕೊಳೆಯದೆ ಮಾರುಕಟ್ಟೆ ತಲುಪಿದ್ದವು. ಅರ್ಧಕ್ಕಿಂತ ಹೆಚ್ಚು ಸೊನ್ನೆ.

ಸಾತಲಿಂಗಪ್ಪ ದಿನಾ ಕೇಳುತ್ತಿದ್ದ, "ಏನಂತೈತಿ ಡಬ್ಬಿ?"

"ಇನ್ನ ಬಾಯಿ ಬಿಟ್ಟಿಲ್ಲ ಕಾಕಾ."

"ಮುಹೂರ್ತ ನೋಡಾಕತ್ತೇತೇನು?"

ದಾನೇಶ್ವರಿ ಪುಸ್ತಕಗಳನ್ನು ತಿರುವಿ ಹಾಕಿದಳು. ಉಪಾಯ ಸಿಕ್ಕಿತು. ಹೊಸದೇನಲ್ಲ, ಕಲಿತವರು ಬಹಳ ಮಂದಿ ಮಾಡುವಂಥದ್ದೇ. ಸೊನ್ನೆ ಇದ್ದಲ್ಲೆಲ್ಲ ಒಂದು ಚೂರು ಸೇರಿಸುವುದು. ಸಾವಿರದಲ್ಲಿ ಒಂದು ಪಾಲು. ಕಣ್ಣಿಗೆ ಕಾಣದಷ್ಟು.

ಸೇರಿಸಿದಳು. ಡಬ್ಬಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಿತು. ಉತ್ತರ ಸ್ಪಷ್ಟವಾಗಿ ಬಂತು: ಥಂಡಿ ಲಾರಿ.

ಸಾತಲಿಂಗಪ್ಪ ಥಂಡಿ ಲಾರಿಯ ಮಾಲೀಕನಿಗೆ ಫೋನು ಹಚ್ಚಿದ. ದಾನೇಶ್ವರಿ ಆಶ್ರಮಕ್ಕೆ ಹೊರಟಳು. ಈ ಸಲ ಶಹಬ್ಬಾಸ್ ಅನ್ನದಿದ್ದರೂ ಒಂದು ಲೋಟ ಶರಬತ್ತಾದರೂ ಕೊಡುತ್ತಾರೆ ಎಂದುಕೊಂಡಿದ್ದಳು.

ಅಜ್ಜಾರು ಉತ್ತರ ನೋಡಲಿಲ್ಲ. ಕ್ರೇಟುಗಳ ಪಟ್ಟಿ ನೋಡಿದರು.

"ಹೋದ ಸಲ ನೀ ತಂದ ಪಟ್ಟ್ಯಾಗ ಅರ್ಧಕ್ಕಿಂತ ಹೆಚ್ಚು ಕ್ರೇಟಿನಾಗ ಕೊಳೆ ಇರಲಿಲ್ಲ."

"ಹೌದ್ರಿ."

"ಈಗ ಎಲ್ಲಾದರಾಗೂ ಐತಲ್ಲ?"

"ಚೂರು ಸೇರಿಸೀನ್ರಿ. ಸೊನ್ನಿ ಇದ್ರ ಅದು ಓಡಂಗಿಲ್ಲ."

"ಎಲಾ ಇವಳ! ಒಂದು ಸಂಜಿಯೊಳಗ ಇಷ್ಟು ಕ್ರೇಟಿಗೆ ಕೊಳೆ ಹಚ್ಚೀದಿ. ಬೂಷ್ಟಿಗೂ ಇಷ್ಟು ಕೈ ಓಡಂಗಿಲ್ಲ ನೋಡು."

ದಾನೇಶ್ವರಿಗೆ ಚುರುಕ್ಕೆಂದಿತು. "ಸಾವಿರದಾಗ ಒಂದು ಪಾಲು, ಅಜ್ಜಾರ! ಅದು ಲೆಕ್ಕಕ್ಕೂ ಹತ್ತಂಗಿಲ್ಲ. ಪುಸ್ತಕದಾಗೂ ಹಿಂಗ ಮಾಡ್ರಿ ಅಂತ ಐತಿ."

"ಪುಸ್ತಕದವರು ದಿಲ್ಲಿಗೆ ಲಾರಿ ಕಳಸ್ತಾರೇನು?"

"ಇಲ್ರಿ."

"ನೀ ಕಳಸ್ತಿ."

ಅವರು ಒಳಗಿನಿಂದ ಎರಡು ಮಣ್ಣಿನ ಗಡಿಗೆ ತಂದರು. ಎರಡಕ್ಕೂ ಬುಟ್ಟಿಯ ಒಳ್ಳೆಯ ನಿಂಬೆಕಾಯಿಗಳನ್ನು ಅವಳಿಂದಲೇ ತುಂಬಿಸಿದರು. ಮೂಲೆಯಲ್ಲಿ ಬಿಸಾಡಲು ಇಟ್ಟಿದ್ದ ಕಾಯಿಗಳಲ್ಲಿ ಒಂದನ್ನು ಹುಡುಕಿ ತೆಗೆದರು. ಅದರ ತೊಟ್ಟಿನ ಹತ್ತಿರ ಸಾಸಿವೆಯಷ್ಟು ಹಸಿರು ಬೂಷ್ಟಿನ ಚುಕ್ಕೆ ಇತ್ತು.

"ಇದನ್ನ ಒಂದು ಗಡಿಗ್ಯಾಗ ಹಾಕು."

ಹಾಕಿದಳು.

"ಈಗ ಹೇಳು. ಈ ಚುಕ್ಕಿ ಇದ್ದ ಗಡಿಗಿಗೆ ನಿನ್ನ ಡಬ್ಬ್ಯಾಗ ಎಷ್ಟು ಬರೀತಿ?"

ಅವಳು ಅಂದಾಜು ಮಾಡಿದಳು. "ಸಾವಿರದಾಗ ಒಂದು ಪಾಲು."

"ಚುಕ್ಕಿ ಇಲ್ಲದ ಗಡಿಗಿಗೆ?"

ಬಾಯಿ ತೆರೆದಳು. ಉತ್ತರ ಬರುವ ಮೊದಲೇ ಅದು ಎಂಥ ಉತ್ತರ ಎಂದು ಗೊತ್ತಾಗಿತ್ತು. "ಅದಕ್ಕೂ ಸಾವಿರದಾಗ ಒಂದೇ ರೀ."

"ಎರಡೂ ಒಂದೇ?"

"ಡಬ್ಬಿಗೆ ಒಂದೇ ರೀ."

"ನಿನಗ?"

ದಾನೇಶ್ವರಿ ಚುಕ್ಕೆಯ ಕಾಯಿಯಿದ್ದ ಗಡಿಗೆಯೊಳಗೆ ಬಗ್ಗಿ ನೋಡಿದಳು.

"ಎರಡಕ್ಕೂ ಮುಚ್ಚಳ ಹಾಕಿ ಹೋಗು. ಹೇಳಿ ಕಳಸ್ತೀನಿ, ಆಗ ಬಾ."

"ಕಾಕಾ ಥಂಡಿ ಲಾರಿಗೆ ಮುಂಗಡ ಕೊಡಾಕ ನಿಂತಾನ್ರಿ, ಅಜ್ಜಾರ. ಇವತ್ತೇ ಹೇಳ್ರಿ."

"ನಿಂಬಿಗೆ ನಿಮ್ಮ ಕಾಕಾನ ಅವಸರ ಗೊತ್ತಿಲ್ಲವ್ವ," ಎಂದು ಅಜ್ಜಾರು ನದಿಯ ಕಡೆ ಸ್ನಾನಕ್ಕೆ ನಡೆದರು.

ಅಡತಿಗೆ ಹಿಂದಿರುಗಿದಾಗ ಸಾತಲಿಂಗಪ್ಪ ಮುಂಗಡ ಎಣಿಸುತ್ತಿದ್ದ. ದಾನೇಶ್ವರಿ ನೇರ ಹೋಗಿ ಅವನ ಕೈಮೇಲೆ ಕೈ ಇಟ್ಟಳು.

"ತಡೀರಿ ಕಾಕಾ. ಅಜ್ಜಾರು ಗಡಿಗಿ ಇಟ್ಟಾರ. ಅದು ಹೇಳೂತನಕ ಕೊಡಬ್ಯಾಡ್ರಿ."

"ಮೊದಲು ಡಬ್ಬಿ ಹೇಳತೈತಿ ಅಂದಿ. ಈಗ ಗಡಿಗಿ ಹೇಳಬೇಕು. ನಾಳೆ ಗ್ವಾಡಿ ಮ್ಯಾಲಿನ ಹಲ್ಲೀನೂ ಕೇಳೂಣೇನು?"

"ಡಬ್ಬಿ ಹೇಳಿದ್ದರಾಗ ಏನೋ ತಪ್ಪೈತಿ. ತಪ್ಪು ನಂದೇ. ಅಷ್ಟು ಗೊತ್ತು, ಯಾವುದು ಅಂತ ಇನ್ನ ಗೊತ್ತಿಲ್ಲ."

ಸಾತಲಿಂಗಪ್ಪ ಅವಳ ಮುಖ ನೋಡಿದ. ಹಣ ತಿರುಗಿ ಗಲ್ಲಾಕ್ಕೆ ಹೋಯಿತು. ಗಡಿಗೆಯ ಮೇಲಿನ ನಂಬಿಕೆಯಿಂದಲ್ಲ. ನಾಲ್ಕು ದಿನ ಸುಮ್ಮನಿದ್ದರೆ ಲಾರಿಯವನು ತಾನಾಗಿ ಬಾಡಿಗೆ ಇಳಿಸಬಹುದು ಎಂಬ ಲೆಕ್ಕ ಅವನದು. ಕೊಡುವ ಕೈ ತಡವಾದಷ್ಟೂ ತೆಗೆದುಕೊಳ್ಳುವವನ ದನಿ ಮೆತ್ತಗಾಗುವುದನ್ನು ಅವನು ಬಹಳ ವರ್ಷ ಕಂಡಿದ್ದ.

ಅಜ್ಜಾರಿಂದ ಕರೆ ಬಂತು.

ಮೊದಲ ಗಡಿಗೆ ತೆರೆದಳು. ಕಾಯಿಗಳು ಒಂದಿಷ್ಟು ಹಳದಿಗೆ ತಿರುಗಿದ್ದವು. ಒಂದೊಂದನ್ನೂ ಹೊರಳಿಸಿ ನೋಡಿದಳು. ಕೊಳೆತದ್ದು ಒಂದೂ ಇರಲಿಲ್ಲ.

ಎರಡನೆಯದರ ಮುಚ್ಚಳ ತೆಗೆಯುತ್ತಲೇ ಹಸಿರು ಧೂಳು ಎದ್ದು ಸೀನು ಬಂತು. ಅರ್ಧದಷ್ಟು ಕಾಯಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಥಂಡಿ ಲಾರಿ ಯಾವ ಗಡಿಗಿಗೆ ಬೇಕು?" ಎಂದರು ಅಜ್ಜಾರು.

"ಎರಡನೇದಕ್ಕ ರೀ. ಥಂಡಿ ಇದ್ದಿದ್ರ ಇಷ್ಟು ಹಬ್ಬತಿರಲಿಲ್ಲ."

"ಮೊದಲನೇದಕ್ಕ?"

"ಅದಕ್ಕ ಥಂಡಿ ಇದ್ರೂ ಅಷ್ಟೇ, ಇರದಿದ್ರೂ ಅಷ್ಟೇ. ಚುಕ್ಕಿ ಒಳಗ ಹೋಗದಿದ್ರ ಸಾಕು."

"ಚುಕ್ಕಿ ಎಲ್ಲಿಂದ ಬರತೈತಿ?"

ಅದು ಅಡತಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತಿರುವ ಮಾತು. ಗಿಡ ಅಲುಗಿಸಿ ಉದುರಿಸಿದ ಕಾಯಿಗೆ, ಕೈಯಿಂದ ಜಗ್ಗಿದ ಕಾಯಿಗೆ ತೊಟ್ಟು ಕಿತ್ತು ಗಾಯವಾಗುತ್ತದೆ. ಬೂಷ್ಟು ಕೂರುವುದು ಅಲ್ಲೇ. ಕತ್ತರಿಯಲ್ಲಿ ಬಿಡಿಸಿದ ಕಾಯಿಗೆ ತೊಟ್ಟಿನ ತುಂಡು ಹಾಗೇ ಉಳಿಯುತ್ತದೆ, ಒಳಗೆ ಹೋಗಲು ಬಾಗಿಲೇ ಇಲ್ಲ. ಅದಕ್ಕೇ ಸಾತಲಿಂಗಪ್ಪನ ಅಡತಿಯಲ್ಲಿ ಕತ್ತರಿ ಕಾಯಿಯ ಕ್ರೇಟಿಗೆ ನೀಲಿ ಅರಿವೆ ಕಟ್ಟುವ ರೂಢಿ. ಆ ಗುರುತನ್ನು ಅವಳು ಡಬ್ಬಿಗೂ ಹಾಕಿದ್ದಳು. ಆದರೆ ಚೂರು ಸೇರಿಸಿದ ಮೇಲೆ ಡಬ್ಬಿಗೆ ಕೊಳೆಯದ ಕ್ರೇಟೇ ಒಂದೂ ಉಳಿದಿರಲಿಲ್ಲ. ಎಲ್ಲವೂ ಕೊಳೆತವೇ, ಕೆಲವು ಸ್ವಲ್ಪ, ಕೆಲವು ಬಹಳ. ಹಾಗಿದ್ದ ಮೇಲೆ ಅದು ಥಂಡಿಯನ್ನು ಬಿಟ್ಟು ಇನ್ನೇನು ಕೇಳೀತು?

"ಕೊಳೆ ಹೊಕ್ಕಿತೋ ಇಲ್ಲೋ ಅನ್ನೂದು ಒಂದು ಮಾತು," ಎಂದಳು ನಿಧಾನಕ್ಕೆ. "ಹೊಕ್ಕ ಮ್ಯಾಲ ಎಷ್ಟು ಹಬ್ಬಿತು ಅನ್ನೂದು ಬ್ಯಾರೆ ಮಾತು. ಎರಡನ್ನೂ ಒಂದೇ ಚೀಲಕ್ಕ ತುಂಬೀನ್ರಿ, ಅಜ್ಜಾರ."

ಅಜ್ಜಾರು ಆಗಲೇ ಗಡಿಗೆ ತೊಳೆಯಲು ಕೂತಿದ್ದರು. ತಲೆ ಎತ್ತಲಿಲ್ಲ.

ದಾನೇಶ್ವರಿ ಮೊದಲು ಮಾಡಿದ ಕೆಲಸ, ಆ ಚೂರನ್ನು ಎಲ್ಲ ಕ್ರೇಟುಗಳಿಂದಲೂ ತೆಗೆದದ್ದು. ಸೊನ್ನೆ ಮತ್ತೆ ಸೊನ್ನೆಯಾಯಿತು. ಡಬ್ಬಿ ಮತ್ತೆ ಹಟ ಹಿಡಿಯಿತು. ಈ ಸಲ ಅವಳು ಅದನ್ನು ಪುಸಲಾಯಿಸಲು ಹೋಗಲಿಲ್ಲ. ಲೆಕ್ಕವನ್ನೇ ಎರಡಾಗಿ ಸೀಳಿದಳು. ಮೊದಲ ಭಾಗ ಕೇಳುವುದು ಒಂದೇ ಪ್ರಶ್ನೆ: ಈ ಕ್ರೇಟಿಗೆ ಕೊಳೆ ಹೊಗುತ್ತದೋ ಇಲ್ಲವೋ. ಹೊಕ್ಕವನ್ನು ಮಾತ್ರ ಎರಡನೆಯ ಭಾಗಕ್ಕೆ ಬಿಡಬೇಕು. ಅಲ್ಲಿ ಬಗ್ಗಿದ ಗೆರೆ ಎಷ್ಟು ಹಬ್ಬಿತು ಎಂದು ಹೇಳಬೇಕು.

ಹೇಳುವುದು ಸುಲಭ. ಬರೆಯುವಾಗ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಅಡತಿಯ ಹಿಂದಿನ ಕೋಣೆಯಲ್ಲಿ, ಹೊರಗೆ ಹರಾಜಿನ ಸವಾಲಿನ ಕೂಗಾಟ ನಡೆದಿರುವಾಗಲೇ ಕೂತು ಬರೆದಳು, ಅಳಿಸಿದಳು, ಬರೆದಳು. ಊಟಕ್ಕೆ ಕರೆದರೆ "ಬಂದೆ" ಅನ್ನುವಳು, ಬರುತ್ತಿರಲಿಲ್ಲ. ಸಾತಲಿಂಗಪ್ಪನ ಹೆಂಡತಿ ರೊಟ್ಟಿಯನ್ನು ಅಲ್ಲಿಗೇ ತಂದಿಟ್ಟು, "ಇದನ್ನರ ತಿಂತಿಯೋ, ಇದಕ್ಕೂ ಡಬ್ಬೀನ ಕೇಳಬೇಕೋ?" ಎಂದು ಹೋದಳು.

ಕೊನೆಗೆ ಓಡಿತು. ಈ ಸಲ ಬೆಣ್ಣೆಯಲ್ಲಿನ ಕೂದಲಿನಂತೆ ಅಲ್ಲ, ಕಲ್ಲುದಾರಿಯ ಗಾಡಿಯಂತೆ. ಆದರೆ ಮುಟ್ಟಿತು.

ಕೊಳೆ ಹೊಗುವುದಕ್ಕೂ ಲಾರಿಗೂ ಸಂಬಂಧವೇ ಇರಲಿಲ್ಲ. ಅಲ್ಲಿ ನಡೆಯುವುದೆಲ್ಲ ಕತ್ತರಿಯದೇ. ಹೊಕ್ಕ ಮೇಲಿನ ಮಾತು ಬಂದಾಗಷ್ಟೇ ಥಂಡಿ ಲಾರಿಗೆ ಬೆಲೆ. ಎರಡನ್ನೂ ಕೂಡಿಸಿ ನೋಡಿದರೆ, ಉದುರಿಸಿದ ಕಾಯಿ ಥಂಡಿ ಲಾರಿಯಲ್ಲಿ ಹೋದರೆ ನೂರಕ್ಕೆ ಏಳರ ಸುಮಾರು. ಕತ್ತರಿ ಕಾಯಿ ಸಾದಾ ಲಾರಿಯಲ್ಲಿ ಹೋದರೆ ಮೂರರ ಸುಮಾರು.

"ಕಾಕಾ, ಥಂಡಿ ಲಾರಿ ಬ್ಯಾಡ. ಕತ್ತರಿ ಕೂಲಿ ಕೊಡ್ರಿ."

ಸಾತಲಿಂಗಪ್ಪ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಹೋದ ವಾರ ಥಂಡಿ ಅಂದಿ. ಈ ವಾರ ಕತ್ತರಿ. ಇದೇನು ಡಬ್ಬಿನೋ, ಹವಾಮಾನ ಹೇಳೂ ರೇಡಿಯೋನೋ?"

"ಹೋದ ವಾರ ಹೇಳಿದ್ದು ತಪ್ಪು. ಈ ವಾರದ್ದು ಯಾಕ ಸರಿ ಅಂತ ಕೂತು ಹೇಳ್ತೀನಿ, ಕೇಳ್ರಿ."

ಹೇಳಿದಳು. ಗಡಿಗೆಯ ಮಾತು ಬಂದಾಗ ಅವನು ನಗುವುದನ್ನು ನಿಲ್ಲಿಸಿದ. ಗಾಯವಾದ ತೊಟ್ಟಿನ ಮಾತು ಅವನಿಗೆ ಹೊಸದಲ್ಲ. ಅದು ಎಷ್ಟು ಭಾರದ್ದು ಎಂದು ಮಾತ್ರ ಯಾರೂ ತೂಗಿ ಹೇಳಿರಲಿಲ್ಲ.

"ಐದು ದಾಟಂಗಿಲ್ಲ ಅಂತ ನನಗ ಮಾತು ಕೊಡ್ತಿಯೇನು?"

ಇಲ್ಲಿ "ಹೂಂ" ಅನ್ನುವುದು ಬಹಳ ಸುಲಭವಿತ್ತು. ಅವಳ ಇಡೀ ಕೆಲಸ ಆ ಒಂದು ಹೂಂಗಾಗಿ ಕಾದು ನಿಂತಿತ್ತು.

"ಇಲ್ಲ ಕಾಕಾ," ಎಂದಳು. "ಇಂಥಾ ಹತ್ತು ಲಾರಿ ಹೋದ್ರ ಒಂಬತ್ತು ಐದರೊಳಗ ಮುಟ್ಟತಾವು. ಒಂದು ದಾಟಬಹುದು. ಮೊದಲನೇ ಲಾರೀನೇ ಆ ಒಂದು ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ. ಉದುರಿಸಿದ ಕಾಯಿ ಹಾಕಿ ಥಂಡಿ ಲಾರಿ ಹಿಡದ್ರ ಹತ್ತರಾಗ ಎಂಟು ಲಾರಿ ಐದನ್ನ ದಾಟತಾವು. ಅದನ್ನ ಬೇಕಾದ್ರ ಗಟ್ಟಿ ಹೇಳ್ತೀನಿ."

ಸಾತಲಿಂಗಪ್ಪ ಕಿವಿ ಕೆರೆದುಕೊಂಡ. ಅವನ ಆಯುಷ್ಯದಲ್ಲಿ ಎಲ್ಲ ದಲಾಲರೂ ಹತ್ತಕ್ಕೆ ಹತ್ತು ಎಂದೇ ಹೇಳಿದ್ದರು. ಅವರ ಮಾತು ಕೇಳಿ ಅವನು ಗೆದ್ದದ್ದು ಎಂದೂ ಅರ್ಧ ದಾಟಿರಲಿಲ್ಲ. ಒಂಬತ್ತು ಎಂದು ಹೇಳಿದವಳು ಇವಳೊಬ್ಬಳೇ.

"ಕತ್ತರಿಯವರನ್ನ ಕರಸು," ಎಂದ.

ಲಾರಿ ತುಂಬುವಾಗ ದಾನೇಶ್ವರಿ ತಾನೇ ನಿಂತಳು. ನೀಲಿ ಅರಿವೆ ಕಟ್ಟಿದ್ದರೂ ಕ್ರೇಟು ಬಗ್ಗಿಸಿ ತೊಟ್ಟು ನೋಡಿದಳು. ಕಿತ್ತ ತೊಟ್ಟಿನ ಕಾಯಿ ಕಂಡರೆ ಪಕ್ಕಕ್ಕೆ ಎಸೆದಳು. ಕೂಲಿಗೆ ಬಂದ ಹೆಂಗಸೊಬ್ಬಳು, "ಏನವ್ವ, ಮದುವಿಗೆ ಹೆಣ್ಣು ನೋಡಿದಂಗ ನೋಡಾಕತ್ತಿ," ಎಂದಳು.

"ಅದಕ್ಕಿಂತ ಚಂದಾಗಿ ನೋಡಾಕತ್ತೀನಿ," ಎಂದಳು ದಾನೇಶ್ವರಿ.

ಲಾರಿ ಹೋಯಿತು.

ದಿಲ್ಲಿಯಿಂದ ಫೋನು ಬಂದಾಗ ಸಾತಲಿಂಗಪ್ಪ ಸವಾಲು ನಡೆಸುತ್ತಿದ್ದ. ಹಿಂದಿಯಲ್ಲಿ ಎರಡು ಮಾತು ಕೇಳಿದ, "ಹಾಂ ಜೀ" ಎಂದ, ಇಟ್ಟ. ಸವಾಲು ಮುಗಿಯುವವರೆಗೆ ಮುಖದಲ್ಲಿ ಏನೂ ತೋರಿಸಲಿಲ್ಲ. ನಿಂತ ಗಿರಾಕಿಗಳ ಎದುರು ಖುಷಿ ತೋರಿಸಿದರೆ ರೇಟು ಕೆಡುತ್ತದೆ. ಮುಗಿದ ಮೇಲೆ ಹಿಂದಿನ ಕೋಣೆಗೆ ಬಂದು, ಗಲ್ಲಾದ ಹತ್ತಿರದ ತನ್ನ ಟೇಬಲ್ ಫ್ಯಾನನ್ನು ಎತ್ತಿ ತಂದು ಅವಳ ಲ್ಯಾಪ್‌ಟಾಪಿನ ಪಕ್ಕ ಇಟ್ಟ.

"ಡಬ್ಬಿಗೆ ಸೆಕಿ ಆಗತಿರಬೇಕು," ಎಂದು ಹೋದ.

ದಾನೇಶ್ವರಿ ಆಶ್ರಮಕ್ಕೆ ಹೊರಟಳು. ಕಾಕಾ ಕೊಟ್ಟ ಬುಂದೆ ಉಂಡಿಯ ಪೊಟ್ಟಣ ಕೈಯಲ್ಲಿತ್ತು.

ಅಜ್ಜಾರು ಒಂದು ಉಂಡಿ ಬಾಯಿಗೆ ಹಾಕಿಕೊಂಡರು.

"ಗಳಿಕಿ ಎಷ್ಟವ್ವ?"

"ನಲವತ್ತು ಲಾರಿ, ಅಜ್ಜಾರ!"

"ಲಾರಿ ಲೆಕ್ಕ ನಿಮ್ಮ ಕಾಕಾಂದು. ನಾ ಕೇಳಿದ್ದು ನೂರರ ಲೆಕ್ಕ."

"ನೂರರಾಗ ತೊಂಬತ್ತೇಳು ಚಲೋ ಮುಟ್ಟೇತ್ರಿ. ಮೂರು ಕೊಳತಿತ್ತಂತ."

"ಆ ಮೂರು ಯಾವ ಕ್ರೇಟಿನವು?"

ದಾನೇಶ್ವರಿಯ ಕೈ ಉಂಡಿಯ ಮೇಲೆಯೇ ನಿಂತಿತು. "ಕೇಳಿಲ್ರಿ."

"ಯಾವ ತೋಟದವು? ತೊಟ್ಟು ಇತ್ತೋ, ಕಿತ್ತಿತ್ತೋ?"

"ಗೊತ್ತಿಲ್ರಿ. ಅಲ್ಲೇ ಆರಿಸಿ ಬ್ಯಾರೆ ಇಟ್ಟಾರಂತ, ಚೆಲ್ಲಾಕ."

ಅಜ್ಜಾರು ಕೈ ಒರೆಸಿಕೊಂಡು ಪೊಟ್ಟಣವನ್ನು ಅವಳ ಕಡೆಗೇ ಸರಿಸಿದರು.

"ತೊಂಬತ್ತೇಳು ನಿಮ್ಮ ಕಾಕಾನ ಪಾಲಿಗೆ ಬಂತು. ನಿನ್ನ ಪಾಲಿಗೆ ಬಂದದ್ದು ಮೂರು. ಅವರು ಚೆಲ್ಲೂದ್ರೊಳಗ ಫೋನ್ ಮಾಡಿ ಆ ಮೂರರ ಲೆಕ್ಕ ಇಸ್ಕೊ."